ಹಿಂದಕ್ಕೆ ತಿರುಗಿ ಕೂತ ಸವಾರ

ನವೆಂಬರ್ ಬಂತೆಂದರೆ ನನ್ನ ಮೂಗಿಗೆ ದೊನ್ನೆ ಬಿರಿಯಾನಿಯ ವಾಸನೆಯೂ ಮೋರಿಯ ವಾಸನೆಯೂ ಒಟ್ಟಿಗೆ ಬಡಿಯುತ್ತವೆ. ಲಗ್ಗೆರೆಯ ನಮ್ಮ ರಸ್ತೆಯಲ್ಲಿ ಆಗ ಕಂಬಕ್ಕೊಂದು ಫ್ಲೆಕ್ಸು, ಫ್ಲೆಕ್ಸಿಗೊಂದು ಕೈಮುಗಿದ ಮುಖ. ಎಲ್ಲಕ್ಕಿಂತ ದೊಡ್ಡ ಮುಖ ನನ್ನ ದೊಡ್ಡಪ್ಪನ ಮಗನದು. ತಾಯಿ ಭುವನೇಶ್ವರಿ ಮೂಲೆಯಲ್ಲಿ ಅಂಚೆಚೀಟಿಯಷ್ಟು ಇರುತ್ತಾಳೆ, ಇವನು ನಟ್ಟನಡುವೆ ಲಾರಿಯ ಚಕ್ರದಷ್ಟು. ಆ ಮುಖದ ಕೆಳಗೆ ಜನ ತಿಂದು ಎಸೆದ ದೊನ್ನೆಗಳು, ದೊನ್ನೆಗಳ ಮೇಲೆ ನಾಯಿಗಳು. ಹಿಂದಿನ ವರ್ಷದ ರಾಜ್ಯೋತ್ಸವವಾದ ಮೇಲಂತೂ ಆ ಕೈಮುಗಿದ ಫೋಟೋ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಂಡು ಹೋಗುತ್ತೇನೆ.

ನಾನು ಇದೇ ಊರಿನವಳು. ಪೀಣ್ಯದ ಶೆಡ್ಡುಗಳು ಏಳುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದವರ ಮನೆಯ ಹೆಣ್ಣುಮಗಳು. ದೊಡ್ಡಪ್ಪ ತನ್ನ ಪಾಲಿನ ಜಮೀನಿನಲ್ಲಿ ಸಾಲಾಗಿ ರೂಮುಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಅವರ ಕಾಲವಾದ ಮೇಲೆ ವಠಾರವೂ ಮಗನಿಗೇ ಬಂತು, ಊರಿನ ಕನ್ನಡ ಸಂಘದ ಅಧ್ಯಕ್ಷಗಿರಿಯೂ ಮಗನಿಗೇ ಬಂತು. ನನ್ನ ಪಾಲಿಗೆ ಬಂದದ್ದು ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರಿನ ಕೆಲಸ ಮತ್ತು ಓದುವ ಹುಚ್ಚು. ನಟ್ಟು ಬೋಲ್ಟುಗಳ ನಡುವೆ ಕೂತು ನಾನು ಓದಿದ್ದೆಲ್ಲ ಯುದ್ಧಗಳ ಚರಿತ್ರೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಕೆಲವರಿಗೆ ಒಡವೆಯ ಹುಚ್ಚು, ನನಗೆ ಇದು.

ಹಿಂದಿನ ವರ್ಷ ದಸರೆ ಮುಗಿಯುತ್ತಿದ್ದಂತೆ ದೊಡ್ಡಪ್ಪನ ಮಗ, ಅಂದರೆ ಅಣ್ಣ, ನಮ್ಮ ಮನೆಗೆ ಬಂದ. ಅವನು ಬಂದರೆ ಮೊದಲು ಅವನ ಸೆಂಟಿನ ವಾಸನೆ ಬರುತ್ತದೆ, ಆಮೇಲೆ ಅವನು.

"ಅಮ್ಮಣ್ಣಿ, ಬರೀ ಆರ್ಕೆಸ್ಟ್ರಾ ಮಾಡಿ ಮಾಡಿ ಜನುಕ್ಕೆ ಬೇಜಾರಾಗೋಗದೆ. ಈ ಸಲಿ ಒಂದು ಚರಿತ್ರೆ ನಾಟ್ಕ ಆಕುಸ್ಬುಡನ. ನೀನೇ ಬರ್ದ್ಕೊಡು. ಕೋಟೆ, ಕುದ್ರೆ, ಕತ್ತಿ, ಎಲ್ಲ ಇರ್ಬೇಕು."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಒಂದೇ ವಾರದಲ್ಲಿ ಬರೆದು ಮುಗಿಸಿದೆ. ಕಥೆ ಸರಳ. ಒಂದು ಮಣ್ಣಿನ ಕೋಟೆ, ಅದಕ್ಕೊಬ್ಬ ಪಾಳೇಗಾರ. ಉತ್ತರದಿಂದ ವಿಜಾಪುರದ ಫೌಜು ಬಂದು ಮುತ್ತಿಗೆ ಹಾಕುತ್ತದೆ. ಕೋಟೆಯ ಬಾಗಿಲು ಜಪ್ಪಯ್ಯ ಅನ್ನುವುದಿಲ್ಲ. ಆಗ ಆ ಫೌಜಿನ ಸರದಾರ ಸೋತವನಂತೆ ನಟಿಸಿ, ಕುದುರೆ ತಿರುಗಿಸಿ ಓಡುತ್ತಾನೆ. ಕೋಟೆಯ ಹುಡುಗರಿಗೆ ಗೆಲುವಿನ ಅಮಲು ನೆತ್ತಿಗೇರುತ್ತದೆ. ಬಾಗಿಲು ತೆರೆದು ಅಟ್ಟಿಸಿಕೊಂಡು ಹೋಗುತ್ತಾರೆ. ಓಡುವ ಕುದುರೆಯ ಮೇಲಿಂದಲೇ ಸವಾರರು ಸೊಂಟ ತಿರುಗಿಸಿ ಹಿಂದಕ್ಕೆ ಬಾಣ ಬಿಡುತ್ತಾರೆ. ಹುಡುಗರು ಚೆಲ್ಲಾಪಿಲ್ಲಿ. ಕೋಟೆ ಬರಿದಾಗಿರುತ್ತದೆ, ಸರದಾರ ನೆಟ್ಟಗೆ ಒಳಗೆ ನಡೆದುಬಂದು ಬುರುಜು ಹತ್ತಿ ನಿಲ್ಲುತ್ತಾನೆ.

ಇದು ನಾನು ಕಟ್ಟಿದ ಕಥೆ. ಆದರೆ ಆ ವಿದ್ಯೆ ನಾನು ಕಟ್ಟಿದ್ದಲ್ಲ. ಕುದುರೆ ಮುಂದಕ್ಕೆ ಓಡುತ್ತಿರುವಾಗಲೇ ಹಿಂದಕ್ಕೆ ತಿರುಗಿ ಬಾಣ ಬಿಡುವುದನ್ನು ಪರ್ಷಿಯಾದ ಹಳೆಯ ಸವಾರರು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿಕೊಂಡಿದ್ದರು. ಅವರಿಂದ ಕಲಿತವರಿಂದ ಕಲಿತವರು ಕುದುರೆಗಳ ಜೊತೆ ನಮ್ಮ ಕಡೆಗೂ ಬಂದರು. ಶತ್ರುಗಳಾಗಿ ಮಾತ್ರ ಬರಲಿಲ್ಲ. ಹಂಪೆಯ ರಾಯರು ಅಂಥ ಸವಾರರನ್ನೂ ಬಿಲ್ಲುಗಾರರನ್ನೂ ಸಂಬಳ ಕೊಟ್ಟು ತಮ್ಮ ದಂಡಿನಲ್ಲೇ ಇಟ್ಟುಕೊಂಡಿದ್ದರು. ಯಾರಾದರೂ ಚೆನ್ನಾಗಿ ಹೊಡೆದರೆ ಅದನ್ನು ಕಲಿಯುವುದೇ ಬುದ್ಧಿವಂತಿಕೆ ಅಂತ ಅವರಿಗೆ ಗೊತ್ತಿತ್ತು. ವಿದ್ಯೆಯ ಹಿಂದೆ ಮಾತು ಬಂತು. ಸವಾರ, ಸರದಾರ, ಸಿಪಾಯಿ, ಲಗಾಮು, ಬುರುಜು, ಕೋಟೆಯ ಸುತ್ತಲಿನ ಕಂದಕ. ಕೆಲವು ಪರ್ಷಿಯಾದಲ್ಲೇ ಹುಟ್ಟಿದವು, ಕೆಲವು ಅರಬರಿಂದ ಅಲ್ಲಿಗೆ ಬಂದು ಇಲ್ಲಿಗೆ ಹೊರಟವು. ಕಾರ್ಖಾನೆ ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು. ಅರಸರಿಗೆ ಬೇಕಾದ ಆಯುಧ, ಜೀನು, ಡೇರೆ ಮಾಡುವ ಜಾಗಕ್ಕೆ ಆ ಹೆಸರಿತ್ತು. ಈಗ ಪೀಣ್ಯದ ಗೇಟು ಗೇಟಿನ ಮೇಲೆ ಅದೇ ಹೆಸರು ನೇತಾಡುತ್ತದೆ. ಅದು ಹೊರಗಿನದು ಅಂತ ಯಾರಿಗೂ ಅನ್ನಿಸುವುದಿಲ್ಲ, ಅನ್ನಿಸಬೇಕಾಗಿಯೂ ಇಲ್ಲ.

ಸರದಾರನ ಪಾತ್ರಕ್ಕೆ ನಾನು ಯಾರನ್ನೂ ಹುಡುಕಬೇಕಾಗಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುವವನೊಬ್ಬ ವಿಜಾಪುರದ ಕಡೆಯವನು. ಊರಲ್ಲಿದ್ದಾಗ ಜಾತ್ರೆಯ ನಾಟಕಗಳಲ್ಲಿ ಪಾರ್ಟು ಮಾಡಿದವನು. ಅಣ್ಣನ ವಠಾರದಲ್ಲೇ ಅವನಿಗೊಂದು ರೂಮು. ಆಮೇಲಾಮೇಲೆ ಅವನನ್ನು ಎಲ್ಲರೂ ಸರದಾರ ಅಂತಲೇ ಕರೆಯತೊಡಗಿದ್ದರಿಂದ ನಾನೂ ಹಾಗೇ ಕರೆಯುತ್ತೇನೆ. ಬಡಪಾಯಿ ಅಂದುಕೊಳ್ಳಬೇಡಿ. ಮಹಾ ಜಂಬದ ಮನುಷ್ಯ. ಮೀಸೆಗೆ ಎಣ್ಣೆ ಹಚ್ಚಿ ಶಿಫ್ಟಿಗೆ ಬರುವವನು. ಮೊದಲ ದಿನವೇ ನನ್ನ ಬರಹದಲ್ಲಿ ಹುಳುಕು ಹುಡುಕಿದ.

"ಅಕ್ಕಾರ, ಸರದಾರಗ ಒಂದ ಹಾಡ ಇಲ್ಲಲ್ರಿ? ಹಾಡ ಇಲ್ದ ಸರದಾರ ಅಂದ್ರ ಉಪ್ಪ ಇಲ್ದ ಜುಣಕಾ ಇದ್ದಂಗ."

"ಹಾಡು ಗೀಡು ಆಗಲ್ಲ ಕಣಪ್ಪ. ಕೊನೇಲಿ ಭಾಷಣ ಕೊಟ್ಟಿದೀನಲ್ಲ, ಅದನ್ನ ಬಾಯ್ ತುಂಬ ಹೇಳು."

ಆ ಭಾಷಣವನ್ನು ಓದಿದ ಮೇಲೆ ಅವನು ಹಾಡಿನ ಮಾತು ಎತ್ತಲಿಲ್ಲ. ಬುರುಜಿನ ಮೇಲೆ ನಿಂತು ಸರದಾರ ಹೇಳುವ ಮಾತು ಅದು. ಲೇತ್ ತಿರುಗುತ್ತಿರುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಅಷ್ಟು ಹಟ ಯಾಕೆ ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಅವನೇ ಹೇಳಿದ. ಅವನ ಹೆಂಡತಿ ರಾಜಗೋಪಾಲನಗರದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಗಂಡ ನಾಟಕದಲ್ಲಿ ಹುಲಿ ಅಂತ ಕೇಳಿದ್ದಾಳೆಯೇ ಹೊರತು ಒಮ್ಮೆಯೂ ಕಂಡಿಲ್ಲ. ಊರಲ್ಲಿ ಮನೆಯ ಸೊಸೆಯನ್ನು ನಾಟಕಕ್ಕೆ ಕಳಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನಾಟಕವೇ ಇಲ್ಲ.

"ಅಕಿ ಏನಂತಾಳ ಗೊತ್ತೇನ್ರಿ? ನೀ ಹುಲಿ ಅಲ್ಲ, ಬರೇ ಮೀಸಿ ಅದಾವ ನಿನಗ, ಅಂತಾಳ. ಈ ಸಲ ಮುಂದಿನ ಸಾಲಿನ್ಯಾಗ ಕುಂಡ್ರಸ್ತೀನಿ. ಆ ಮಾತ ಅಕಿ ಕೇಳ್ಬೇಕ್ರಿ."

ಕೀಲುಕುದುರೆಯ ಥರದ ಕುದುರೆಗಳನ್ನು ನಾವೇ ಕಟ್ಟಿದೆವು. ಬಿದಿರಿನ ಸೀಳು, ಪ್ಯಾಕಿಂಗಿನ ರಟ್ಟು, ಹಳೆಯ ಸೀರೆ. ಸೊಂಟಕ್ಕೆ ಕಟ್ಟಿಕೊಂಡರೆ ಮನುಷ್ಯನ ಮುಂದೆ ಕುದುರೆಯ ಮೋರೆ, ಹಿಂದೆ ಬಾಲ. ಫೌಜಿನವರೆಲ್ಲ ಉತ್ತರ ಕರ್ನಾಟಕದಿಂದ ಬಂದು ರೂಮು ಮಾಡಿಕೊಂಡಿದ್ದ ಕೆಲಸಗಾರರು, ಕೋಟೆಯವರೆಲ್ಲ ಸಂಘದ ಹುಡುಗರು. ಹಾಗೆ ಹಂಚಿದ್ದು ಅಣ್ಣ. "ಅವ್ರ್ ಮಾತೇ ಅಂಗಲ್ವಾ, ಶತ್ರುಗಳ ಪಾರ್ಟಿಗೆ ಸರಿ ಓಯ್ತದೆ" ಅಂದಿದ್ದ. ನನಗೆ ಆಗಲೇ ವಾಸನೆ ಹತ್ತಬೇಕಿತ್ತು. ಅವನು ಆ ಮಾತನ್ನು ನಗುನಗುತ್ತಾ ಅಂದದ್ದರಿಂದ ಹತ್ತಲಿಲ್ಲ.

ನಾಟಕಕ್ಕೆ ಹತ್ತು ಹನ್ನೆರಡು ದಿನ ಇದ್ದಾಗ ಸಂಘದ ಆಫೀಸಿಗೆ ಕರೆಸಿದ. ಕನ್ನಡ ಬಾವುಟದ ಬಣ್ಣದ ಶಾಲು ಹೆಗಲ ಮೇಲಿತ್ತು. ಬೋಂಡ ತಿನ್ನುತ್ತಿದ್ದ, ಎಣ್ಣೆಯ ಕೈಯನ್ನು ಅದೇ ಶಾಲಿನ ತುದಿಗೆ ಒರೆಸಿಕೊಂಡ. ನನಗೆ ಮೈ ಜುಮ್ಮೆಂದಿತು. ಭಕ್ತಿಯಿಂದಲ್ಲ, ಹೇಸಿಗೆಯಿಂದ.

"ಅಮ್ಮಣ್ಣಿ, ನಾಟ್ಕದಲ್ಲಿ ಬರೀ ಸಾಬರ ಮಾತು ತುಂಬ್ಕಂಡವೆ. ಸವಾರ ಅಂತೆ, ಫೌಜಂತೆ. ಅಚ್ಚ ಕನ್ನಡ ಇರ್ಬೇಕು ಕಣಮ್ಮ. ವಾಟ್ಸಾಪಲ್ಲಿ ಎಲ್ಲಾ ಬಂದದೆ ನೋಡು, ಸವಾರಂಗೆ ಅಶ್ವಾರೋಹಿ ಅನ್ಬೇಕಂತೆ."

"ಅದು ಸಂಸ್ಕೃತ ಅಣ್ಣ. ಎಲ್ಲಿ, ನೀನೇ ಒಂದ್ಸಲಿ ನೋಡ್ದೆ ಹೇಳು."

"ಅಸ್ವಾ... ಅಸ್ವರೋಯಿ... ಅದೇನೋ ಒಂದು. ಅದಿರ್ಲಿ. ನಮ್ಮೋರು ಸೋಲೋದು ಬ್ಯಾಡ. ಅವ್ರು ಓಡೋಯ್ತಾರಲ್ಲ, ಅಲ್ಲಿಗೇ ಮುಗುಸ್ಬುಡು. ಓಡೋದ್ರು, ನಾವ್ ಗೆದ್ವು, ಜೈ ಕರ್ನಾಟಕ ಮಾತೆ. ಆಮೇಕೆ ಬಿರಿಯಾನಿ."

ನನ್ನ ಪಿತ್ತ ನೆತ್ತಿಗೇರಿತು. ಅವರು ಓಡುವುದು ಸೋತಿದ್ದಕ್ಕಲ್ಲ, ಗೆಲ್ಲುವುದಕ್ಕೆ ಅಂತ ಕಿರುಚಿದೆ. ಅದನ್ನು ತೆಗೆದರೆ ನಾಟಕದಲ್ಲಿ ಉಳಿಯುವುದು ಬರೀ ಕುದುರೆಯ ಲದ್ದಿ ಅಂದೆ. ರಾಗಿ ರೊಟ್ಟಿ ತಿಂದು ಬೆಳೆದವನು ಅಶ್ವಾರೋಹಿ ಅನ್ನುವುದೂ, ಹಾಗಂದರೆ ತನ್ನನ್ನು ಅಚ್ಚ ಕನ್ನಡಿಗ ಅಂದುಕೊಳ್ಳುವುದೂ ನನಗೆ ವಾಕರಿಕೆ ತರಿಸುತ್ತದೆ ಅಂತಲೂ ಅಂದೆ. ದಿನಬೆಳಗಾದರೆ ಜಾಸ್ತಿ, ಸಕ್ಕತ್, ತಯಾರಿ, ಹಾಜರಿ ಅನ್ನುವ ಬಾಯಿ ಅದು. ಆ ಬಾಯಿಗೆ ಶತ್ರುವಿನ ಮಾತು ಯಾವುದು, ತನ್ನ ಮಾತು ಯಾವುದು ಅಂತ ಯಾವ ಫೋನು ತಿಳಿಸಿಕೊಡುತ್ತದೆ?

ಅಣ್ಣ ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಅವನು ಕೈಮುಗಿದುಬಿಟ್ಟ. "ಆಯ್ತು ತಾಯಿ. ಓದಿರೋಳು ನೀನು, ನಾವೇನ್ ಕಂಡಿದೀವಿ? ನೀನೇಳ್ದಂಗೇ ಆಗ್ಲಿ ಬುಡು." ಒಂದು ಬೋಂಡ ನನ್ನ ಕೈಗೂ ಇಟ್ಟ.

ಗೆದ್ದೆ ಅಂದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಬೆನ್ನು ತೋರಿಸಿ ಓಡುವ ಸವಾರನ ಬಗ್ಗೆ ಪುಟಗಟ್ಟಲೆ ಓದಿದವಳು, ನಾಟಕ ಬರೆದವಳು, ಕಣ್ಣೆದುರಿಗೆ ಒಬ್ಬ ಬೆನ್ನು ತೋರಿಸಿದರೆ ಬಾಗಿಲು ತೆರೆದುಕೊಂಡು ಹೊರಗೆ ಬಂದುಬಿಟ್ಟಿದ್ದೆ.

ಉತ್ಸವದ ದಿನ ಸಂಜೆ ರಸ್ತೆಗೆ ಅಡ್ಡವಾಗಿ ಶಾಮಿಯಾನ, ಅದರ ಕೆಳಗೆ ಸ್ಟೇಜು. ಹಿಂದೆ ಕೋಟೆಯ ಚಿತ್ರದ ಫ್ಲೆಕ್ಸು, ಕೋಟೆಯ ನೆತ್ತಿಯ ಮೇಲೂ ಅಣ್ಣನದೇ ಮುಖ. ಪಕ್ಕದಲ್ಲಿ ಬಿರಿಯಾನಿಯ ಹಂಡೆಗಳು, ಅದಕ್ಕೆ ಒತ್ತಿಕೊಂಡೇ ಮೋರಿ. ಸರದಾರನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು ಅನ್ನಿಸುತ್ತದೆ, ಸೀರೆಗೆ ಇನ್ನೂ ದಾರದ ಎಳೆಗಳು ಅಂಟಿಕೊಂಡಿದ್ದವು. ನಾನು ಪರದೆಯ ಪಕ್ಕದಲ್ಲಿ ಮಾತು ಎತ್ತಿಕೊಡಲು ನಿಂತಿದ್ದೆ.

ನಾಟಕ ಚೆನ್ನಾಗಿಯೇ ನಡೆಯಿತು. ಓಡುವ ಘಟ್ಟ ಬಂತು. ಸರದಾರ ಮತ್ತವನ ಸವಾರರು ಸ್ಟೇಜಿನಿಂದ ಇಳಿದು ಜನರ ನಡುವಿನ ದಾರಿಯಲ್ಲಿ ಓಡಬೇಕು. ರಸ್ತೆಯ ಕೊನೆಯ ಟ್ರಾನ್ಸ್‌ಫಾರ್ಮರ್ ಹಿಂದೆ ಅಡಗಿ ನಿಲ್ಲಬೇಕು. ಕೋಟೆಯ ಹುಡುಗರು ಅಟ್ಟಿಸಿಕೊಂಡು ಹೋಗಿ, ಬಾಣ ತಾಗಿದವರಂತೆ ಅಲ್ಲಲ್ಲೇ ಬಿದ್ದು ಮರೆಯಾಗಬೇಕು. ಸ್ಟೇಜಿನ ಪಕ್ಕ ಕೂತ ನಗಾರಿಯವನು ನಗಾರಿ ಬಾರಿಸಿದ ಕೂಡಲೇ ಸರದಾರ ಜನರ ಹಿಂದಿನಿಂದ ಮರಳಿ ಬರಬೇಕು. ಹೀಗೆ ನಾನು ಅಭ್ಯಾಸ ಮಾಡಿಸಿದ್ದೆ.

ಅವರು ಓಡಿದರು. ಹುಡುಗರು ಅಟ್ಟಿದರು. ಅಟ್ಟುತ್ತಾ ನಾನು ಬರೆಯದ ಮಾತುಗಳನ್ನು ಆಡಿದರು. "ಓಡ್ರೋ ಊರಿಗೆ! ಓಡ್ರೋ ರೊಟ್ಟಿ ತಿನ್ನೋಕೆ!" ಜನ ನಕ್ಕರು. ಯಾರೋ ಖಾಲಿ ನೀರಿನ ಬಾಟಲಿ ಎಸೆದರು, ಅದು ಒಂದು ರಟ್ಟಿನ ಕುದುರೆಯ ಮೋರೆಗೆ ಬಡಿಯಿತು. ಓಡುವವರು ಸೊಂಟ ತಿರುಗಿಸಿ ಬಾಣ ಬಿಡುವಂತೆ ಮಾಡಿದರೆ ಒಬ್ಬ ಹುಡುಗನೂ ಬೀಳಲಿಲ್ಲ. ನಾನು ನಗಾರಿಯವನಿಗೆ ಕೈಸನ್ನೆ ಮಾಡಿದೆ. ಅವನು ನನ್ನನ್ನು ನೋಡಿ, ಆಮೇಲೆ ಅಣ್ಣನನ್ನು ನೋಡಿ, ಕೋಲು ಕೆಳಗಿಟ್ಟ.

ಅಣ್ಣ ಮೈಕು ಹಿಡಿದು ಸ್ಟೇಜಿನ ಮೇಲೆ ನಿಂತಿದ್ದ. "ನೋಡುದ್ರಾ ಬಂಧುಗಳೇ, ನಮ್ ವೀರರು ಶತ್ರುಗಳ್ನ ಎಂಗೆ ಓಡ್ಸುದ್ರು!"

ಚಪ್ಪಾಳೆಯೋ ಚಪ್ಪಾಳೆ. ನಾನು ಪರದೆಯ ಹಿಂದಿನಿಂದ ಇಳಿದು ಮೋರಿಯ ಪಕ್ಕದ ಸಂದಿಯಲ್ಲಿ ಓಡಿದೆ. ಕಲ್ಲು ಜಾರಿ ಒಂದು ಕಾಲು ಮೊಣಕಾಲಿನವರೆಗೂ ಮೋರಿಯೊಳಕ್ಕೆ ಇಳಿಯಿತು. ಕಪ್ಪು ಕೆಸರು, ಅದರಲ್ಲಿ ಬಿರಿಯಾನಿಯ ಎಣ್ಣೆ, ಮೂಳೆ. ಎಳೆದುಕೊಂಡು ಹಾಗೇ ಓಡಿದೆ. ಆ ಕೆಸರಿಗಿಂತ ಹೊಲಸಾದದ್ದು ಸ್ಟೇಜಿನ ಮೇಲೆ ಕೈಮುಗಿದು ನಿಂತಿತ್ತು.

ಟ್ರಾನ್ಸ್‌ಫಾರ್ಮರ್ ಹಿಂದೆ ಊರಿನವರೆಲ್ಲ ಕಸ ಸುರಿಯುವ ಜಾಗ. ಆ ಕಸದ ನಡುವೆ ಫೌಜು ನಿಂತಿತ್ತು. ಸೊಂಟಕ್ಕೆ ಕುದುರೆಗಳನ್ನು ಕಟ್ಟಿಕೊಂಡು, ಸೊಳ್ಳೆ ಹೊಡೆದುಕೊಳ್ಳುತ್ತಾ, ಬೊಗಳುವ ನಾಯಿಗಳಿಗೆ ಶ್ ಅನ್ನುತ್ತಾ, ಕಿವಿಯನ್ನು ಸ್ಟೇಜಿನ ಕಡೆಗೆ ಇಟ್ಟುಕೊಂಡು ನಿಂತಿದ್ದರು. ಯಾರೂ ಕುದುರೆ ಬಿಚ್ಚಿರಲಿಲ್ಲ.

"ಅಕ್ಕಾರ, ನಗಾರಿ ಯಾಕ ಬಾರಸವಲ್ರು?" ಅಂತ ಕೇಳಿದ ಸರದಾರ.

"ಬಾರಿಸಲ್ಲ ಕಣಪ್ಪ. ಅಲ್ಲಿಗೇ ಮುಗಿಸಿಬಿಟ್ಟ. ನೀವು ಓಡಿಹೋದ್ರಿ ಅಂತ ಮೈಕಲ್ಲಿ ಹೇಳ್ತಾವ್ನೆ."

ಅವನು ನನ್ನ ಕಾಲಿನ ಕೆಸರು ನೋಡಿದ. ಆಮೇಲೆ ಸ್ಟೇಜಿನ ಕಡೆ ಕತ್ತು ಉದ್ದ ಮಾಡಿ, "ಕ್ವಾಟಿ ಕಾಯಾಕ ಯಾರದಾರ್ರಿ ಈಗ?" ಅಂದ.

ನಾನೂ ನೋಡಿದೆ. ಸಂಘದ ಹುಡುಗರೆಲ್ಲ ಬಿರಿಯಾನಿ ಹಂಡೆಯ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ದೊನ್ನೆ ಚಾಚುತ್ತಿದ್ದರು. ಅಣ್ಣ ನಾಟಕದ ಕೊನೆಯನ್ನು ಕತ್ತರಿಸಿದ್ದ, ಹುಡುಗರು ಅಟ್ಟಿಸಿಕೊಂಡು ಹೋಗುವುದನ್ನು ಕತ್ತರಿಸುವುದು ಮರೆತಿದ್ದ. ಮೈಕು ಹಿಡಿದ ಅಣ್ಣನನ್ನು ಬಿಟ್ಟರೆ ಕೋಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಬರೆದಂತೆಯೇ, ಒಂದು ಅಕ್ಷರ ತಪ್ಪದೆ, ಕೋಟೆ ಬರಿದಾಗಿತ್ತು.

"ನಡೀರಲೇ" ಅಂದ ಸರದಾರ.

ಅವರು ಓಡಲಿಲ್ಲ, ನಡೆದರು. ಜನರ ಹಿಂದಿನಿಂದ, ನಡುವಿನ ದಾರಿಯಲ್ಲಿ, ಕುದುರೆಗಳ ಮೋರೆ ತೂಗಿಸುತ್ತಾ. ಮೊದಲು ಹಿಂದಿನ ಸಾಲಿನವರು ತಿರುಗಿದರು, ಆಮೇಲೆ ಎಲ್ಲರೂ. ಇದೂ ನಾಟಕವೇ ಅಂದುಕೊಂಡು ದಾರಿ ಬಿಟ್ಟರು. ಗಲಾಟೆ ನಿಂತಿತು. ಮುಂದಿನ ಸಾಲಿನ ಹತ್ತಿರ ಬಂದಾಗ ಸರದಾರ ಹೆಂಡತಿಯ ಕಡೆ ನೋಡಲಿಲ್ಲ, ಮೀಸೆ ಮಾತ್ರ ಮುಟ್ಟಿಕೊಂಡ. ಸ್ಟೇಜು ಹತ್ತಿದ. ಎದೆ ಉಬ್ಬಿಸಿ ಬಾಯಿ ತೆರೆದ.

ಅಷ್ಟರಲ್ಲಿ ಅಣ್ಣ ಅವನನ್ನು ತಬ್ಬಿಕೊಂಡ.

ನಾನು ಕೆಸರುಗಾಲಿನಲ್ಲಿ ನಿಂತು ಅದನ್ನು ನೋಡಿದೆ. ಎರಡೂ ಕೈ ಚಾಚಿ, ರಟ್ಟಿನ ಕುದುರೆ ನಜ್ಜುಗುಜ್ಜಾಗುವ ಹಾಗೆ ತಬ್ಬಿಕೊಂಡ. ಎಣ್ಣೆ ಒರೆಸಿದ ಅದೇ ಶಾಲನ್ನು ತೆಗೆದು ಅವನ ಹೆಗಲಿಗೆ ಹಾಕಿದ. "ಇವ್ರೂ ನಮ್ಮೋರೇ ಬಂಧುಗಳೇ! ಎಲ್ಲಿಂದ್ಲೋ ಬಂದು ನಮ್ಮಲ್ಲಿ ಅನ್ನ ತಿಂತಾವ್ರೆ, ನಮ್ ತಮ್ಮಂದ್ರು! ಜೋರಾಗಿ ಚಪ್ಪಾಳೆ!" ಫೋನುಗಳು ಮಿಂಚಿದವು. ಸರದಾರ ಮೈಕಿಗೆ ಕೈ ಚಾಚಿದರೆ ಅಣ್ಣ ಆ ಕೈಯನ್ನು ಹಿಡಿದು ಮೇಲೆತ್ತಿ ಫೋಟೋಗೆ ನಿಂತ. ಮೈಕು ಆರ್ಕೆಸ್ಟ್ರಾದವರ ಕೈಗೆ ಹೋಯಿತು. ಡ್ರಮ್ಮು ಶುರುವಾಯಿತು. ಸರದಾರನ ಬಾಯಿ ಒಂದು ಸಲ ತೆರೆದು ಮುಚ್ಚಿದ್ದು ಮಾತ್ರ ಕಂಡಿತು.

ಇಳಿದು ಬಂದಾಗ ಹೆಂಡತಿ ಎದ್ದು ನಿಂತಿದ್ದಳು. "ಓಡೂದು ಚಲೋ ಓಡಿದ್ರಿ" ಅಂದಳು. ತಮಾಷೆಗೇ ಅಂದದ್ದು. ಅವನಿಗೆ ನಗಲು ಆಗಲಿಲ್ಲ.

ಆದರೂ ನಾನು ಆ ದಿನ, ಹೋಗಲಿ, ಅರ್ಧವಾದರೂ ಗೆದ್ದೆವು ಅಂದುಕೊಂಡೆ. ಶಾಲು ಹಾಕಬೇಕಾಯಿತಲ್ಲ, ನಮ್ಮೋರು ಅನ್ನಬೇಕಾಯಿತಲ್ಲ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಅಂತ ನಮ್ಮಜ್ಜಿ ಆಡುತ್ತಿದ್ದ ಮಾತು ನೆನಪಿಗೆ ಬರಲು ಅವರೆಕಾಯಿ ಕಾಲ ಬರಬೇಕಾಯಿತು.

ಅಣ್ಣ ಸರದಾರನನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದ. ಒಂದು ಬಿರುಸು ಮಾತಿಲ್ಲ. ಮೊದಲು ವಠಾರದ ನೀರು ಸರದಾರನ ರೂಮಿನ ನಲ್ಲಿಗೆ ಬರುವುದು ನಿಂತಿತು. ಮೋಟಾರು ಸರಿಯಿಲ್ಲವಂತೆ. ಪಕ್ಕದ ರೂಮುಗಳಿಗೆ ಮಾತ್ರ ಅದೇ ಮೋಟಾರು ಸರಿಯಿತ್ತು. ಆಮೇಲೆ ಬಾಗಿಲ ಮುಂದೆ ಯಾರದೋ ಕಟ್ಟಡದ ಜಲ್ಲಿ ಸುರಿದರು. ಆಮೇಲೆ ಅಣ್ಣ ತಾನೇ ಹೋಗಿ, ಸರದಾರನ ಹೆಗಲ ಮೇಲೆ ಕೈಯಿಟ್ಟು ಹೇಳಿದನಂತೆ, ಬಾಮೈದನ ಮಗ ಬರುತ್ತಾನೆ, ರೂಮು ಬೇಕಾಗಿತ್ತು, ಅರ್ಜೆಂಟೇನಿಲ್ಲ, ನಿಧಾನಕ್ಕೆ ಖಾಲಿ ಮಾಡು.

ಅವನು ಹಾಗಂದ ಅಂತ ಸರದಾರ ಬಂದು ಹೇಳಿದಾಗ ನನ್ನ ತಲೆಯಲ್ಲಿ ಆ ಒಂದು ಮಾತು ಉಳಿಯಿತು. ಖಾಲಿ. ಅದೂ ಆ ಕುದುರೆಗಳ ದಾರಿಯಲ್ಲೇ ಬಂದ ಮಾತು. ಸವಾರನನ್ನು ನಾಟಕದಿಂದ ಓಡಿಸಲು ಹೊರಟ ನಾಲಿಗೆಗೆ ಇದು ಎಲ್ಲೂ ಚುಚ್ಚಲಿಲ್ಲ.

ಕೇಳಲೇಬೇಕು ಅಂತ ಅವನ ಮನೆಗೆ ಹೋದೆ. ಊಟಕ್ಕೆ ಕೂತಿದ್ದ. ಅತ್ತಿಗೆ ನನಗೂ ತಟ್ಟೆ ಇಟ್ಟು ಮುದ್ದೆ, ಹಿದುಕಿದ ಬೇಳೆ ಸಾರು ಬಡಿಸಿದರು.

"ಯಾಕಣ್ಣ ಅವರನ್ನ ಬಿಡಿಸ್ತಿದ್ದೀಯ? ನಾಟಕದ ಸಿಟ್ಟಾ?"

"ಅಯ್ಯೋ ಬುಡ್ತು ಅನ್ನು! ನಾನೇನು ಓಗು ಅಂದ್ನಾ? ಅವ್ನೇ ಓಯ್ತಾವ್ನೆ. ನಾನು ಶಾಲು ಆಕಿ ಸನ್ಮಾನ ಮಾಡ್ದೋನು ಕಣಮ್ಮಣ್ಣಿ, ಪೇಪರ್‌ನಲ್ಲೂ ಫೋಟೋ ಬಂತು." ಹಲ್ಲಿನ ಸಂದಿಯಿಂದ ಅವರೆ ಸಿಪ್ಪೆ ಕಿತ್ತು ನೋಡಿ, ತಟ್ಟೆಯ ಅಂಚಿಗೆ ಒರೆಸಿದ. "ಉಣ್ಣು, ಸೊಗಡೈತೆ ಕಾಯಿ."

ವರ್ಷವೆಲ್ಲ ನಾನು ಕಾಯುವ ಸಾರು ಅದು. ಒಂದು ತುತ್ತು ಬಾಯಿಗಿಟ್ಟೆ, ಹಿತ್ತಲಿಗೆ ಹೋಗಿ ಉಗಿದು ಬಾಯಿ ಮುಕ್ಕಳಿಸಿದೆ. ಇದೇ ರಕ್ತ ನನ್ನ ಮೈಯಲ್ಲೂ ಹರಿಯುತ್ತಿದೆಯಲ್ಲ ಅಂತ ನನ್ನ ಮೈಯೇ ನನಗೆ ಅಸಹ್ಯವಾಯಿತು. ಬಂದು ಅವನೆದುರಿಗೇ ಹೇಳಿದೆ, "ಅಣ್ಣ, ನಿನ್ನನ್ನ ನೋಡಿದರೆ ನನಗೆ ಹೇಸಿಗೆ ಆಗ್ತದೆ." ಅವನು ನಕ್ಕು, "ಇವಳು ಚಿಕ್ಕೋಳಿದ್ದಾಗಿಂದ್ಲೂ ಇಂಗೆ" ಅಂತ ಅತ್ತಿಗೆಗೆ ಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಸರದಾರ ಮಾದನಾಯಕನಹಳ್ಳಿಯಲ್ಲಿ ಗೋಡೌನುಗಳ ಹಿಂದೆ ಒಂದು ರೂಮು ಹುಡುಕಿಕೊಂಡ. ಭಾನುವಾರ ಬೆಳಿಗ್ಗೆ ಸಾಮಾನು ಒಯ್ಯಲು ಸಣ್ಣ ಟೆಂಪೋ ಬಂತು. ನಾನೂ ಕೈ ಜೋಡಿಸಿದೆ. ಸಿಲಿಂಡರು, ಮಂಚ, ಹಾಸಿಗೆಯ ಸುರುಳಿ, ಹೊಲಿಗೆ ಯಂತ್ರ. ಕೊನೆಗೆ ಅವನು ಒಳಗಿನಿಂದ ರಟ್ಟಿನ ಕುದುರೆಯನ್ನು ತಂದ. ಅಣ್ಣನ ಅಪ್ಪುಗೆಯಲ್ಲಿ ಮುರಿದಿದ್ದ ಕುತ್ತಿಗೆಗೆ ಬಿದಿರಿನ ಪಟ್ಟಿ ಕಟ್ಟಿದ್ದ.

"ಅದನ್ಯಾಕೆ ಹೊರ್ತೀಯ?" ಅಂದೆ.

"ಇರ್ಲಿ ಬಿಡ್ರಿ ಅಕ್ಕಾರ."

ಎಲ್ಲದರ ಮೇಲೆ ಅದನ್ನು ಹಗ್ಗ ಹಾಕಿ ಬಿಗಿದ. ಹೆಂಡತಿ ಮುಂದೆ ಡ್ರೈವರ್ ಪಕ್ಕದಲ್ಲಿ ಕೂತಳು. ಅವನಿಗೆ ಅಲ್ಲಿ ಜಾಗವಿರಲಿಲ್ಲ. ಹಿಂದೆ ಹತ್ತಿ, ಹಾಸಿಗೆ ಸುರುಳಿಯ ಮೇಲೆ, ವಠಾರದ ಕಡೆ ಮುಖ ಮಾಡಿ ಕೂತ. ಅವನ ಬೆನ್ನ ಹಿಂದೆ ಕುದುರೆಯ ಮೋರೆ ಟೆಂಪೋ ಹೋಗುವ ದಿಕ್ಕಿಗಿತ್ತು.

ಅಣ್ಣ ಗೇಟಿನ ಮುಂದೆ ನಿಂತಿದ್ದ. ಲುಂಗಿ, ಬನಿಯನ್, ಫ್ಲೆಕ್ಸಿನಲ್ಲಿರುವ ಹಾಗೆಯೇ ಮುಗಿದ ಕೈ. ನೆರೆಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. "ಒಳ್ಳೆ ಮನ್ಸ ಕಣ್ರೀ, ಒಂದಿಷ್ಟೂ ತಕರಾರು ಮಾಡ್ದೆ ಖಾಲಿ ಮಾಡ್ದ" ಅಂತ ಅವರಿಗೆ ಕೇಳಿಸುವಂತೆ ಹೇಳಿದ. "ಬರ್ತಾ ಓಗ್ತಾ ಇರಪ್ಪ."

ಟೆಂಪೋ ಹೊರಟಿತು. ಹತ್ತು ಮಾರು ಹೋಗಿರಬೇಕು, ಸರದಾರ ಎದ್ದು ನಿಂತ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಮೀಸೆಯ ಮೇಲೆ. ಗಂಟಲು ಬಿಚ್ಚಿದ. ಮೈಕಿಲ್ಲದೆ ಅಷ್ಟು ದೊಡ್ಡ ದನಿ ಅವನದು ಅಂತ ನನಗೂ ಗೊತ್ತಿರಲಿಲ್ಲ.

"ಎಲೈ ಕೋಟೆಯ ಬಹದ್ದೂರರೇ! ನನ್ನ ಬೆನ್ನು ಕಂಡಿರಿ, ನಕ್ಕಿರಿ! ಕುದುರೆಯ ಮೋರೆ ಯಾವ ದಿಕ್ಕಿಗಿದೆ ಎಂದು ನೋಡಿದಿರಿ, ಸವಾರನ ಕಣ್ಣು ಯಾವ ದಿಕ್ಕಿಗಿದೆ ಎಂದು ನೋಡಲಿಲ್ಲ!"

ಬೀದಿಯ ನಾಯಿಗಳು ಬೊಗಳುವುದು ನಿಲ್ಲಿಸಿದವು. ವಠಾರದ ರೂಮುಗಳಿಂದ ಇನ್ನಷ್ಟು ತಲೆಗಳು ಹೊರಗೆ ಬಂದವು. ಅವನು ನಿಲ್ಲಿಸಲಿಲ್ಲ. ಭಾಷಣವನ್ನು ಪೂರ್ತಿ, ನಾನು ಬರೆದಷ್ಟನ್ನೂ, ಅಣ್ಣನ ಮುಖವನ್ನೇ ನೋಡುತ್ತಾ ಹೇಳಿದ. ಟೆಂಪೋ ಗುಂಡಿಗಳಲ್ಲಿ ಕುಲುಕುತ್ತಾ ದೂರವಾಗುತ್ತಿತ್ತು, ಮಾತು ಮಾತ್ರ ನಮ್ಮ ಕಡೆಗೇ ಬರುತ್ತಿತ್ತು. ವಠಾರದಲ್ಲಿ ಯಾರೋ ಒಬ್ಬರು ಶಿಳ್ಳೆ ಹೊಡೆದರು. ಅಣ್ಣ ಮುಗಿದ ಕೈಯನ್ನು ಇಳಿಸಲೂ ಆಗದೆ ಹಾಗೇ ನಿಂತಿದ್ದ.

ತಿರುವಿನಲ್ಲಿ ಟೆಂಪೋ ನಿಧಾನ ಮಾಡಿತು. ಆಗ ಕಂಡೆ. ಅವನ ಹೆಂಡತಿ ಮುಂದಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಹಿಂದಕ್ಕೆ ತಿರುಗಿ, ಬಾಯಿ ತೆರೆದುಕೊಂಡು ಗಂಡನನ್ನೇ ನೋಡುತ್ತಿದ್ದಳು.